ಗಂಜಿ ಒಣಗಿದ ಬೆರಳು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಬೀದಿಯ ಹಿರಿಯರಿದ್ದಾರೆ, ಅವರ ಕಾಲ ಕಳೆಯಲಿ ಅಂದುಕೊಂಡೆ. ಅವರು ಒಬ್ಬೊಬ್ಬರಾಗಿ ಹೋದರು. ಮಗಳಿಗೆ ಮದುವೆಯಾಗಲಿ, ಬರುವ ಸಂಬಂಧ ಕೆಟ್ಟೀತು ಅಂದುಕೊಂಡೆ. ಅವಳ ಮದುವೆಯಾಗಿ ಅವಳ ಮಕ್ಕಳೂ ದೊಡ್ಡವರಾದರು. ಹೆಂಡತಿ ತೀರಿಕೊಂಡ ಮೇಲೆ ತಡೆಯುವವರು ಯಾರೂ ಇರಲಿಲ್ಲ. ಆಗ, ಕೇಳಬೇಕಾದವಳೇ ಇಲ್ಲವಲ್ಲ, ಇನ್ನು ಯಾರಿಗೆ ಹೇಳಿ ಏನು ಎಂಬ ನೆಪ ಸಿಕ್ಕಿತು. ನೆಪಕ್ಕೆ ಬರವೆಂಬುದಿಲ್ಲ.

ಹೋದ ತಿಂಗಳು ಜ್ವರ ಬಂದು ಮಲಗಿದ್ದೆ. ಸೊಸೆ ಅಕ್ಕಿ ಗಂಜಿ ಕಾಯಿಸಿ ಲೋಟದಲ್ಲಿ ತಂದುಕೊಟ್ಟಳು. ಲೋಟ ವಾಲಿ ಒಂದಿಷ್ಟು ಬೆರಳ ಮೇಲೆ ಚೆಲ್ಲಿತು. ಒರೆಸಿಕೊಳ್ಳಲೂ ತ್ರಾಣವಿಲ್ಲದೆ ಹಾಗೇ ಕಣ್ಣು ಮುಚ್ಚಿದೆ. ಎಚ್ಚರವಾದಾಗ ಫ್ಯಾನಿನ ಗಾಳಿಗೆ ಗಂಜಿ ಒಣಗಿ, ಬೆರಳ ತುದಿಯಲ್ಲಿ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಚರ್ಮ ಬಿಗಿದಿತ್ತು. ಮೂಗಿಗೆ ಆ ವಾಸನೆ... ಹಳಸಿದ್ದೂ ಅಲ್ಲ, ಹೊಸದೂ ಅಲ್ಲ. ನೇಕಾರರ ಬೀದಿಯಲ್ಲಿ ಹುಟ್ಟಿದವನಿಗೆ ಅದು ತಾಯಿಯ ಸೆರಗಿನ ವಾಸನೆ. ನಾನು ಮುಖ ತಿರುಗಿಸಿದೆ.

"ಏನ್ ಮಾವ, ಗಂಜಿ ಒಗ್ಗಲಿಲ್ವಾ?" ಅಂದಳು ಸೊಸೆ.

"ಒಗ್ತು ಕಣ್ಣಮ್ಮಾ. ಕೈ ತೊಳೀಬೇಕು, ಒಂಚೂರು ನೀರು ಕೊಡು," ಅಂದೆ.

ಕೈ ತೊಳೆಯಬೇಕು ಎಂಬ ಆ ಮಾತು ನನ್ನ ಬಾಯಿಗೆ ಬರಲು ನಲವತ್ತು ವರ್ಷಗಳಷ್ಟು ತಡವಾಗಿತ್ತು.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದರಲ್ಲೂ ಒಂದು ಹೇಡಿತನವಿದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಎಲ್ಲರ ಮನೆಮಾತೂ ಕನ್ನಡವೇ, ಆದರೆ ಓದಲು ಬರುವುದು ತಮಿಳು. ಹತ್ತನೆಯವರೆಗೆ ನಾನು ಓದಿದ್ದೂ ತಮಿಳಿನಲ್ಲೇ. ಕನ್ನಡ ಅಕ್ಷರ ಕಲಿಸಿದವನು ತಾಳವಾಡಿಯ ಸೋದರಮಾವ, ಬೇಸಿಗೆ ರಜೆಯಲ್ಲಿ, ಹೊಲದ ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿ. ಹಾಗಾಗಿ ಈ ಹಾಳೆಗಳು ನಮ್ಮ ಬೀದಿಯಲ್ಲಿ ಯಾರ ಕೈಗೆ ಸಿಕ್ಕರೂ ಅವರು ಓದಲಾರರು. ಯಾರ ಮುಂದೆ ತಲೆ ತಗ್ಗಿಸಬೇಕೋ ಅವರಿಗೆ ತಿಳಿಯದ ಹಾಗೆ ತಲೆ ತಗ್ಗಿಸಿದರೆ ಅದು ತಗ್ಗಿಸಿದ ಹಾಗೆಯೇ? ಗೊತ್ತಿಲ್ಲ. ನನಗೆ ಬಂದಿರುವ ಧೈರ್ಯ ಇಷ್ಟೇ.

ತಮಿಳು ಸೀಮೆಯ ಕೊಂಗುನಾಡಿನಲ್ಲಿ, ತುಡಿಯಲೂರು ದಾಟಿ ಉತ್ತರಕ್ಕೆ ಹೋಗುವ ರಸ್ತೆಯಿಂದ ಒಳಗೆ ಸರಿದ ಊರು ನಮ್ಮದು. ಎಂಬತ್ತರ ದಶಕದ ನಡುವಿನಲ್ಲೂ ನಮ್ಮ ಬೀದಿಯಲ್ಲಿ ಕೈಮಗ್ಗಗಳೇ. ನಡುಮನೆಯ ನೆಲದಲ್ಲಿ ಗುಂಡಿ, ಗುಂಡಿಯೊಳಗೆ ಕಾಲು, ಎದುರಿಗೆ ಮಗ್ಗ. ನನ್ನ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಮಗ್ಗ ನಿಂತರೆ ಈ ಕಡೆ ನನ್ನ ಕಾಲೂ ತಾನಾಗಿ ನಿಲ್ಲುತ್ತಿತ್ತು. ಆ ಮನೆಯ ಹೆಂಗಸನ್ನು ನಾನು ಅಕ್ಕ ಎನ್ನುತ್ತಿದ್ದೆ, ಅವಳ ಗಂಡನನ್ನು ಭಾವ. ರಕ್ತಸಂಬಂಧವೇನೂ ಇರಲಿಲ್ಲ. ನನ್ನ ತಾಯಿ ತೀರಿಕೊಂಡಾಗ ನನಗಿನ್ನೂ ಮದುವೆಯಾಗಿರಲಿಲ್ಲ; ಅಂದಿನಿಂದ ನನ್ನ ಹೆಂಡತಿ ಬರುವವರೆಗೂ ಎರಡು ಹೊತ್ತು ಅನ್ನ ಹಾಕಿದವಳು ಅಕ್ಕ. ಅವಳಿಗೆ ಮಕ್ಕಳಿರಲಿಲ್ಲ.

ಅಕ್ಕ ಹೊಸ್ತಿಲ ಹತ್ತಿರ ರಾಟೆ ಇಟ್ಟುಕೊಂಡು ಗಂಡನ ಲಾಳಿಗೆ ನೂಲು ಸುತ್ತುತ್ತಾ ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದಳು. ಬೀದಿಯಲ್ಲಿ ಎಲ್ಲರಿಗಿಂತ ಗಟ್ಟಿ ನಗು ಅವಳದು. ಗಟ್ಟಿ ಅಳುವೂ ಅವಳದೇ. ನಮ್ಮ ಕಡೆ ಸಾವಾದರೆ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು, ಹೋದವರ ಗುಣಗಳನ್ನು ಹಾಡಿ ಹಾಡಿ ಅಳುತ್ತಾರೆ, ಅದಕ್ಕೆ ಒಪ್ಪಾರಿ ಎನ್ನುತ್ತಾರೆ. ಯಾರ ಮನೆಯಲ್ಲಿ ಸಾವಾದರೂ ಒಪ್ಪಾರಿಗೆ ಮೊದಲ ಪದ ಎತ್ತಲು ಅಕ್ಕನೇ ಬೇಕು. ನನ್ನ ತಾಯಿ ಹೋದ ದಿನ ನಾನು ಮರದ ಹಾಗೆ ನಿಂತುಬಿಟ್ಟಿದ್ದೆ. ಅಕ್ಕ ಬಂದು ತಾಯಿಯ ಕಾಲ ಬಳಿ ಕೂತು, "ಮಗನ ತಟ್ಟೇಲಿ ಮೀನಿನ ನಡುತುಂಡು ಇಟ್ಟು ತಾನು ಬಾಲ ತಿಂದವಳೇ..." ಎಂದು ಎತ್ತಿದಳು. ಅದು ನನ್ನ ತಾಯಿಯ ಯಾವತ್ತಿನ ಅಭ್ಯಾಸ. ಅವಳಿಗೆ ಹೇಗೆ ಗೊತ್ತಿತ್ತೋ. ನನ್ನ ಅಳು ಆಗ ಬಿಚ್ಚಿಕೊಂಡಿತು. ಅಳುವುದನ್ನು ನನಗೆ ಕೊಟ್ಟವಳು ಅವಳು...

ಭಾವನಿಗೆ ದಮ್ಮು. ನೂಲಿನ ಧೂಳು ಎದೆಗೆ ಇಳಿದು ಮಳೆಗಾಲದಲ್ಲಿ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಆದರೂ ಮಾತಿಗೆ ಕಡಿಮೆ ಇರಲಿಲ್ಲ, ಅದರಲ್ಲೂ ಯಾರೂ ಉತ್ತರ ಹೇಳಲಾಗದ ಮಾತು. ಮಗ್ಗದಲ್ಲಿ ಕೂತವನು ಇದ್ದಕ್ಕಿದ್ದಂತೆ ಗೋಡೆಯಾಚೆಯಿಂದ ಕೂಗುತ್ತಿದ್ದ: "ಲೋ ಬಾಮೈದಾ, ನೂಲು ಯಾವ ಹೊಡೆತಕ್ಕೆ ಬಟ್ಟೆ ಆಗುತ್ತೋ? ಈಗ ಹೊಡೆದೆ, ಇನ್ನೂ ನೂಲೇ. ಇನ್ನೊಂದ್ ಹೊಡೆದೆ, ಆಗಲೂ ನೂಲೇ. ಸಾಯಂಕಾಲ ನೋಡಿದ್ರೆ ಸೀರೆ! ಆ ಹೊಡೆತ ಯಾವುದು ಅಂತ ಒಬ್ಬನಾದ್ರೂ ಕಂಡಿದ್ದಾನಾ?"

"ಭಾವ, ನೀವು ಹೊಡೀರಿ, ಆಮೇಲೆ ಯೋಚಿಸೋಣ," ಎನ್ನುತ್ತಿದ್ದೆ. ಅಕ್ಕ ನಗುತ್ತಿದ್ದಳು.

ಈಗ ಪಾವಿನ ವಿಷಯ ಹೇಳಬೇಕು. ಸೀರೆಯ ಉದ್ದಕ್ಕೆ ಹಾಸುವ ನೂಲಿಗೆ ನಮ್ಮವರು ಪಾವು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಅಕ್ಕಿ ಗಂಜಿ ಸವರಿ, ಎರಡೂ ಬದಿ ಜನ ನಿಂತು ಬೇರಿನ ಕುಂಚದಿಂದ ಉಜ್ಜುತ್ತಾ ಹೋಗಬೇಕು. ಎಳೆಬಿಸಿಲಿಗೆ ನೂಲು ಒಣಗುವವರೆಗೂ ಕುಂಚ ನಿಲ್ಲಬಾರದು. ನಿಂತರೆ ಎಳೆಗೆ ಎಳೆ ಅಂಟಿ ಇಡೀ ಪಾವು ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ, ಆಮೇಲೆ ಅದು ಒಲೆಗೂ ಬೇಡ. ಒಬ್ಬರಿಂದ ಆಗುವ ಕೆಲಸವಲ್ಲ. ಯಾರ ಪಾವೇ ಇರಲಿ, ಮನೆಗೆ ಒಬ್ಬರಂತೆ ಬರಲೇಬೇಕು. ಅದಕ್ಕೆ ಕೂಲಿ ಇಲ್ಲ, ಕರೆಯುವ ವಾಡಿಕೆಯೂ ಇಲ್ಲ.

ಇನ್ನೊಂದು ಕಟ್ಟಳೆ ಇತ್ತು. ಬೀದಿಯಲ್ಲಿ ಸಾವಾದರೆ ಎಲ್ಲ ಮಗ್ಗವೂ ನಿಲ್ಲಬೇಕು, ಯಾರೂ ನೂಲು ಮುಟ್ಟಬಾರದು. ಆದರೆ ಯಾವಾಗಿನಿಂದ? ಜೀವ ಹೋದಾಗಿನಿಂದಲ್ಲ. ಅಳು ಕಿವಿಗೆ ಬಿದ್ದಾಗಿನಿಂದ. ಅಳು ಕೇಳಿದ ಮೇಲೆ ಕುಂಚ ಹಿಡಿದಿದ್ದ ಕೈ ಅಲ್ಲೇ ಬಿಟ್ಟುಬಿಡಬೇಕು, ಪಾವು ಕೆಟ್ಟರೆ ಕೆಡಲಿ. ಅಳು ಕೇಳುವವರೆಗೆ ತೀಟಿಲ್ಲ, ಅಂದರೆ ಸೂತಕವಿಲ್ಲ. ಹಿಂದೆ ಯಾರೋ ಒಬ್ಬರ ಮನೆಯಲ್ಲಿ ಪಾವು ಎತ್ತುವವರೆಗೂ ಅಳು ತಡೆದಿದ್ದರಂತೆ ಎಂದು ಹಿರಿಯರು ಅರ್ಧ ತಮಾಷೆಯಲ್ಲಿ ಹೇಳುವುದಿತ್ತು.

ಒಮ್ಮೆ ಯಾರದೋ ಪಾವು ಉಜ್ಜುವಾಗ ಈ ಮಾತು ಬಂತು. ಭಾವ ಕುಂಚ ಹಿಡಿದು ಏದುಸಿರು ಬಿಡುತ್ತಲೇ ಹೇಳಿದ: "ಒಳ್ಳೇದಾಯ್ತಲ್ಲ! ಅಳು ಕೇಳೋವರೆಗೆ ಸಾವೇ ಇಲ್ಲ ಅಂದ್ರೆ, ನನ್ ಟೈಮು ಬಂದಾಗ ಇವಳ ಬಾಯಿ ಕಟ್ಟಿಬಿಡ್ರೋ. ನಾನು ಸಾಯೋದೇ ಇಲ್ಲ."

ಬೀದಿಯೆಲ್ಲ ನಕ್ಕಿತು. ಅಕ್ಕ ಕೈಯಲ್ಲಿದ್ದ ಗಂಜಿಯನ್ನು ಅವನ ಬೆನ್ನಿಗೆ ಬಳಿದು, "ನನ್ ಬಾಯಿ ಕಟ್ಟೋ ಗಂಡು ಈ ಕೊಂಗುನಾಡಲ್ಲೇ ಹುಟ್ಟಿಲ್ಲ," ಅಂದಳು.

ನಾನೂ ನಕ್ಕಿದ್ದೆ.

ಆ ವರ್ಷ ಐಪ್ಪಸಿ ಮಳೆ, ಎಂದರೆ ದೀಪಾವಳಿ ಹೊತ್ತಿನ ಮಳೆ, ಹಿಡಿದದ್ದು ಬಿಡಲಿಲ್ಲ. ನಾನು ಆಗಷ್ಟೇ ಇನ್ನೊಬ್ಬರ ಮಗ್ಗದಲ್ಲಿ ನೇಯುವುದನ್ನು ಬಿಟ್ಟು ಸ್ವಂತ ಮಗ್ಗ ಹೂಡಿದ್ದೆ. ಹಬ್ಬದ ಸೀರೆಗಳಿಗೆ ನನ್ನ ಮೊದಲ ಸ್ವಂತ ಪಾವು ಸಿದ್ಧವಾಗಿ ಮೂಲೆಯಲ್ಲಿ ಸುರುಳಿ ಸುತ್ತಿ ಕೂತಿತ್ತು. ಬಿಸಿಲಿಲ್ಲದೆ ಗಂಜಿ ಹಾಕುವಂತಿಲ್ಲ. ದಿನವೂ ನಸುಕಿಗೆ ಎದ್ದು ಆಕಾಶ ನೋಡುವುದು, ಒಳಗೆ ಬರುವುದು. ಹೆಂಡತಿ ಮಾತಾಡಿಸಿದರೆ ಸಿಡುಕುತ್ತಿದ್ದೆ. ಕಡೆಗೊಂದು ಬೆಳಿಗ್ಗೆ ಮೂಡಲ ಕಡೆ ಬೆಳ್ಳಗಾಯಿತು. ಬೀದಿಯವರು ನನಗಿಂತ ಮೊದಲೇ ಕುಂಚ ಹಿಡಿದು ಹೊರಗೆ ಬಂದಿದ್ದರು. ಆ ಸಂತೋಷ ನನಗೆ ಈಗಲೂ ನೆನಪಿದೆ, ಅದೇ ನಾಚಿಕೆ.

ಪಾವು ಕಟ್ಟಿ ಗಂಜಿ ಸವರಿದೆವು. ಉಜ್ಜಲು ಶುರುಮಾಡಿ ಸ್ವಲ್ಪ ಹೊತ್ತಾಗಿತ್ತು. ಅಕ್ಕನ ಮನೆಯಿಂದ ಯಾರೂ ಬಂದಿರಲಿಲ್ಲ. ಬರುತ್ತಾಳೆ ಅಂದುಕೊಂಡೆ. ಅವಳು ಬಂದಳು, ಆದರೆ ಕುಂಚವಿಲ್ಲದೆ. ನನ್ನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದಳು:

"ತಮ್ಮಯ್ಯಾ, ಒಂದ್ಸಲ ಒಳಗೆ ಬಾ. ನಿಮ್ ಭಾವ ಏಳ್ತಾ ಇಲ್ಲ."

ನನ್ನ ಕುಂಚವನ್ನು ಪಕ್ಕದವನ ಕೈಗೆ ಕೊಟ್ಟು ಹೋದೆ. ಭಾವ ಮಗ್ಗದ ಗುಂಡಿಯ ಪಕ್ಕ ಚಾಪೆಯ ಮೇಲೆ ಗೋಡೆಗೆ ತಲೆಯಾನಿಸಿ ಒರಗಿದ್ದ. ಬಾಯಿ ಅರ್ಧ ತೆರೆದಿತ್ತು. ತುಟಿ ನೀಲಿಯಾಗಿತ್ತು. ಹಾಗೆ ತುಟಿ ನೀಲಿಯಾದದ್ದು ಅದೇ ಮೊದಲಲ್ಲ. ಹಿಂದೆ ಎರಡು ಸಲ ಹೀಗೇ ಆಗಿ, ಬೆಳಗಿನ ಹಾಲಿನ ವ್ಯಾನಿನಲ್ಲಿ ಹಾಕಿಕೊಂಡು ತುಡಿಯಲೂರಿನ ಡಾಕ್ಟರ ಬಳಿ ಓಡಿದ್ದೆವು. ಇಂಜೆಕ್ಷನ್ ಬಿದ್ದ ಮೇಲೆ ಎದ್ದು ಕೂತು, "ಎಲ್ಲಿಗೆ ಹೋಗಿದ್ದೆ ಅಂತ ಕೇಳ್ರೋ ಯಾರಾದ್ರೂ," ಎಂದು ನಕ್ಕಿದ್ದ. ಇದೆಲ್ಲ ನನಗೆ ಗೊತ್ತಿತ್ತು.

ಅವನ ಮೂಗಿನ ಹತ್ತಿರ ಬೆರಳು ಹಿಡಿದೆ. ನನ್ನ ಬೆರಳ ಮೇಲೆ ಗಂಜಿ ಒಣಗಿ ಪೊರೆ ಕಟ್ಟಿತ್ತು. ಏನೂ ತಾಕಲಿಲ್ಲ. ಎದೆಗೆ ಕಿವಿ ಇಡಲಿಲ್ಲ. ನಾಡಿ ನೋಡಲಿಲ್ಲ. ಬಾಗಿಲ ಬಳಿಯೇ ನೀರಿನ ಕೊಡವಿತ್ತು, ಕೈ ತೊಳೆಯಲಿಲ್ಲ. ಹೊರಗಿನಿಂದ ಯಾರೋ, "ಬಿಸಿಲು ಬಂತು, ಬಿಸಿಲು ಬಂತು, ಎಲ್ಲೋದಾ ಇವನು?" ಎಂದು ಕೂಗಿದರು.

"ಹೋಗ್ಬಿಟ್ರು ಅಕ್ಕಾ," ಅಂದೆ.

ಅವಳ ಬಾಯಿ ತೆರೆಯಿತು. ಒಪ್ಪಾರಿಗೆ ಮೊದಲ ಪದ ಎತ್ತುವ ಮುಂಚೆ ಅವಳು ಎಳೆದುಕೊಳ್ಳುವ ಆ ಉಸಿರು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಎಳೆದುಕೊಂಡಳು. ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

"ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ. ಪಾವು ಹಸಿಯಾಗಿದೆ. ಒಣಗೋವರೆಗೆ ಬಾಯಿ ಬಿಡಬೇಡ."

ಅವಳು ನನ್ನ ಕೈ ಸರಿಸಿದಳು. ಸಿಟ್ಟಿನಿಂದಲ್ಲ. ಅವಳ ತುಟಿಯ ಮೇಲೆ ನನ್ನ ಬೆರಳ ಗಂಜಿ ಅಂಟಿತ್ತು.

"ಅಳಬೇಡ ಅಂತೀಯಾ ತಮ್ಮಯ್ಯಾ?"

"ಒಂಚೂರು ಹೊತ್ತು. ಹೋದವರಿಗೆ ಈಗ ಅತ್ತರೇನು, ಆಮೇಲೆ ಅತ್ತರೇನು."

ಅವಳು ನೇಕಾರರ ಮಗಳು, ನೇಕಾರನ ಹೆಂಡತಿ. ಹಸಿ ಪಾವು ಅಂದರೆ ಏನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಭಾವನ ಕಾಲ ಬಳಿ ಕೂತಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

"ಏನಂತೆ?" ಅಂತ ಯಾರೋ ಕೇಳಿದರು.

"ಭಾವನಿಗೆ ದಮ್ಮು. ಈಗ ನಿದ್ದೆ ಹತ್ತಿದೆ. ಅಕ್ಕ ಹತ್ತಿರ ಇದ್ದಾಳೆ."

"ಮಲಗಲಿ ಬಿಡು," ಅಂದ ಇನ್ನೊಬ್ಬ. "ಎದ್ದು ಬಂದ್ರೆ, ಅಕ್ಕಿ ಯಾವಾಗ ಗಂಜಿ ಆಗುತ್ತೆ ಅಂತ ಶುರು ಮಾಡ್ತಾನೆ!"

ಎಲ್ಲರೂ ನಕ್ಕರು. ಆ ನಗು ಬಾಗಿಲ ಹಿಂದಕ್ಕೂ ಕೇಳಿಸಿರಬೇಕು. ನಾನೂ ಹಲ್ಲು ಕಿರಿದೆ. ಕುಂಚ ತೆಗೆದುಕೊಂಡು ಉಜ್ಜಲು ನಿಂತೆ.

ಹಾಲಿನ ವ್ಯಾನು ಬೀದಿಯ ತುದಿಗೆ ಬಂದು ನಿಂತದ್ದು ಆಮೇಲೆ. ಕ್ಯಾನುಗಳನ್ನು ಹತ್ತಿಸಿಕೊಂಡು ಎರಡು ಸಲ ಹಾರನ್ ಹೊಡೆಯಿತು. ನಾನು ತಲೆ ಎತ್ತಿ ನೋಡಿದೆ. ಹೋಯಿತು. ಆಗ ನನಗೇನು ಅನಿಸಿತು ಎಂದು ಎಷ್ಟೋ ಸಲ ಅಗೆದು ನೋಡಿದ್ದೇನೆ. ಏನೂ ಅನಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅನಿಸಿತು ಎಂದರೆ ಇನ್ನೂ ಕೆಟ್ಟದ್ದಾಗುತ್ತದೆ...

ಅವತ್ತು ಬಿಸಿಲು ಚೆನ್ನಾಗಿತ್ತು. ಪಾವು ಹದವಾಗಿ ಒಣಗಿತು, ಎಣ್ಣೆ ಸವರಿದ ಕೈ ಆಡಿಸಿ ಸುರುಳಿ ಸುತ್ತಿ ಒಳಗಿಟ್ಟೆ. ಆಮೇಲೆ ಏನೋ ನೋಡಿಬರುವವನ ಹಾಗೆ ಅಕ್ಕನ ಮನೆಯ ಬಾಗಿಲು ತಳ್ಳಿ, "ಅಯ್ಯೋ ಭಾವಾ!" ಎಂದು ನಾನೇ ಮೊದಲು ಕೂಗಿದೆ. ಬೀದಿ ಓಡಿ ಬಂತು. ಹೆಂಗಸರು ಎದೆ ಬಡಿದುಕೊಂಡು ಒಳಗೆ ನುಗ್ಗಿದರು. ನಾನು ಗಟ್ಟಿಯಾಗಿ ಅತ್ತೆ. ಆ ಅಳು ನಟನೆಯಲ್ಲ, ಅದು ನಿಜವೇ ಆಗಿತ್ತು. ಹಾಗೆಂದು ಅದಕ್ಕೊಂದು ಬೆಲೆಯಿದೆಯೆಂದು ನಾನು ಹೇಳುತ್ತಿಲ್ಲ.

ಅಕ್ಕ ಅಳಲಿಲ್ಲ. ಬಾಯಿಂದ ಸೆರಗು ತೆಗೆದು ಸುಮ್ಮನೆ ಕೂತಿದ್ದಳು. ಹೆಂಗಸರು ತಬ್ಬಿಕೊಂಡರು, ಅವಳ ತಲೆಗೆ ತಲೆ ತಾಗಿಸಿ ಅತ್ತರು, "ಎತ್ತೇ, ನೀನು ಎತ್ತದೆ ನಾವೆಂಗೆ ಹಾಡೋದು?" ಎಂದು ಅಲುಗಿಸಿದರು. ಅವಳು ಒಂದೆರಡು ಸಲ ಬಾಯಿ ತೆರೆದಳು. ಸದ್ದು ಬರಲಿಲ್ಲ. ಊರಿಗೆಲ್ಲ ಅಳು ಕೊಟ್ಟವಳಿಗೆ ಅವಳದೇ ಅಳು ಸಿಗಲಿಲ್ಲ.

ಭಾವನ ಮೈ ತೊಳೆದವರು ಬೀದಿಯ ಹಿರಿಯರೊಬ್ಬರು, ನಾವೆಲ್ಲ ದೊಡ್ಡಯ್ಯ ಎನ್ನುತ್ತಿದ್ದವರು. ನೀರು ಹೊಯ್ದು ತೋಳೆತ್ತಿ ಉಜ್ಜುವಾಗ ಅವರು, ಸಮಾಧಾನ ಹೇಳುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಕಂಕುಳು ಇನ್ನೂ ಬಿಸಿಯಾಗೇ ಇದೆ ನೋಡ್ರಪ್ಪಾ. ಈಗಿನ್ನೂ ಹೋಗಿರೋದು. ನಿದ್ದೇಲೇ ಹೋಗಿದಾನೆ, ಪುಣ್ಯವಂತ."

ಈಗಿನ್ನೂ ಹೋಗಿರೋದು.

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಹೆಂಗಸರ ನಡುವಿನಿಂದ, ನೀರಿನಾಚೆಯಿಂದ. ಅಷ್ಟೇ, ಆಮೇಲೆ ಕಣ್ಣು ತೆಗೆದಳು. ಅವಳು ನೋಡಿದ್ದು ಬೈಗುಳದ ನೋಟವಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅದು ಕೇಳುವ ನೋಟವಾಗಿತ್ತು. ಲೆಕ್ಕ ಗೊತ್ತಿಲ್ಲದವರು ಗೊತ್ತಿರುವವನನ್ನು ನೋಡುತ್ತಾರಲ್ಲ, ಹಾಗೆ.

ಮಣ್ಣು ಮಾಡಿ ಬಂದ ಮೇಲೆ ಮಾತು ಶುರುವಾಯಿತು. ಊರವರ ಹೆಣಕ್ಕೆಲ್ಲ ಎದೆ ಸೀಳಿಕೊಂಡು ಅತ್ತವಳು ಸ್ವಂತ ಗಂಡನಿಗೆ ಒಂದು ಹನಿ ಹಾಕಲಿಲ್ಲ ಎಂದರು. ದಮ್ಮಿನವನ ಚಾಕರಿ ಮಾಡಿ ಸಾಕಾಗಿತ್ತೇನೋ, ಹೋದರೆ ಸಾಕು ಅನಿಸಿತ್ತೇನೋ ಎಂದರು. ಒಪ್ಪಾರಿಗೆ ಅವಳನ್ನು ಕರೆಯುವುದು ನಿಂತಿತು. ಯಾರಿಟ್ಟರೋ, ಕಲ್ಲಕ್ಕ ಎಂದು ಹೆಸರು ಬಿತ್ತು. ನನ್ನ ಹೆಂಡತಿ ಕೂಡ ಒಂದು ದಿನ ನನಗೆ ಅನ್ನ ಬಡಿಸುತ್ತಾ, "ಕಲ್ಲಕ್ಕ ಇವತ್ತು ರಾಟೆ ಹಾಕಿದ್ಲು ರೀ, ಏನೂ ಆಗದವಳ ಹಾಗೆ," ಅಂದಳು. ಗೋಡೆ ಒಂದೇ. ಆ ಕಡೆಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ಒಂದು ಮಾತು ಸಾಕಿತ್ತು: ಅವಳು ಅಳಲು ಹೊರಟಿದ್ದಳು, ನಾನು ತಡೆದೆ. ನಾನು ಸಾರು ಕೇಳಿದೆ.

ಆ ಪಾವನ್ನು ನೇಯ್ದೆ. ಪ್ರತಿ ಎಳೆಯೂ ಕಡಿಯಲಿ, ಗಂಟು ಬೀಳಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಕೆಟ್ಟರೆ ಒಂದು ಶಿಕ್ಷೆಯಾದರೂ ಆದಂತೆ. ಒಂದು ಎಳೆಯೂ ಕೆಡಲಿಲ್ಲ. ಅಂಥ ಸೀರೆಗಳನ್ನು ನಾನು ಮುಂದೆಂದೂ ನೇಯಲಿಲ್ಲ. ಯಾರೋ ಉಟ್ಟುಕೊಂಡು ಹಬ್ಬ ಮಾಡಿದರು. ಲೋಕ ನಡೆಸುವವರು ಯಾರಾದರೂ ಇದ್ದರೆ, ತಪ್ಪು ಮಾಡಿದವನ ಪಾವನ್ನು ಹಾಗೆ ಕಾಪಾಡುತ್ತಿದ್ದರೇ? ಚೌಡಮ್ಮನ ಗುಡಿಯಲ್ಲಿ ನಿಂತು ಕೇಳಿದ್ದೇನೆ. ದೀಪಕ್ಕೆ ಎಣ್ಣೆ ಹಾಕಿ ಹಿಂದಿರುಗಿದ್ದೇನೆ.

ಮುಂದಿನ ಬೇಸಿಗೆಯಲ್ಲಿ ಅಕ್ಕ ಬೀದಿ ಬಿಟ್ಟಳು. ಕುನ್ನತ್ತೂರಿನ ಹತ್ತಿರ ಅವಳ ತಮ್ಮ ನೇಯ್ಗೆ ಬಿಟ್ಟು ಎಮ್ಮೆ ಕಟ್ಟಿಕೊಂಡಿದ್ದ, ಅವನ ಮನೆಗೆ. ಮಗ್ಗವನ್ನು ಯಾರಿಗೋ ಕೊಟ್ಟಳು. ಒಂದು ಟ್ರಂಕು, ರಾಟೆ. ಬಸ್ಸಿನವರೆಗೆ ಟ್ರಂಕು ಹೊತ್ತವನು ನಾನೇ. ಬೇರೆ ಯಾರೂ ಬರಲಿಲ್ಲ. ರಸ್ತೆಯ ಹುಣಸೆ ಮರದ ಕೆಳಗೆ ಇಬ್ಬರೇ ನಿಂತಿದ್ದೆವು. ಈಗ ಕ್ಷಮೆ ಕೇಳಿಬಿಡಬೇಕು, ಕಾಲಿಗೆ ಬಿದ್ದುಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದೆ. ಅವಳೇ ಮೊದಲು ಮಾತಾಡಿದಳು, ರಸ್ತೆ ನೋಡುತ್ತಾ.

"ತಮ್ಮಯ್ಯಾ, ಸತ್ತವರ ಕಾಲ್ಬೆರಳು ಅಲ್ಲಾಡುತ್ತಾ?"

ನಾನು ಅವಳ ಕಡೆ ತಿರುಗಿದೆ.

"ಆವತ್ತು ನಾನು ಬಾಗಿಲು ಹಾಕ್ಕೊಂಡು ಕೂತಿದ್ದೆನಲ್ಲ. ಅವರ ಕಾಲ್ಬೆರಳು ಒಂದ್ಸಲ ಅಲ್ಲಾಡಿದ ಹಾಗಾಯ್ತು. ಹೊರಗೆ ಎಲ್ಲಾ ನಗ್ತಾ ಇದ್ರಿ. ಕೂಗೋಣ ಅಂದ್ಕೊಂಡೆ. ನೀನು ನೋಡಿ ಹೇಳಿದ್ದೆಯಲ್ಲ, ಹೋದ್ರು ಅಂತ. ಓದಿದವನು. ನನ್ ಕಣ್ಣಿಗೇ ಏನೋ ಆಗಿದೆ ಅಂದ್ಕೊಂಡು ಸುಮ್ನಾದೆ... ಅದಕ್ಕೆ ಕೇಳ್ದೆ. ಅಲ್ಲಾಡುತ್ತಾ?"

"ಅಲ್ಲಾಡುತ್ತೆ ಅಕ್ಕಾ," ಅಂದೆ. "ನರ ಎಳೆಯುತ್ತೆ. ಎಲ್ಲರಿಗೂ ಹಾಗೇ."

ನನಗೆ ಏನೂ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

"ಹಂಗಾ," ಅಂದಳು. "ಹಂಗಾದ್ರೆ ಸರಿ."

ಬಸ್ಸು ಬಂತು. ಕಂಡಕ್ಟರ್ ಟ್ರಂಕನ್ನು ಮೇಲಕ್ಕೆ ಎಸೆದ. ರಾಟೆಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕಿಟಕಿ ಬದಿ ಕೂತಳು. "ವೇಳೆಗೆ ಸರಿಯಾಗಿ ಉಣ್ಣು ಸಾಮಿ," ಅಂದಳು. ಹೊಟ್ಟೆಗೆ ಅನ್ನ ಹಾಕಿದವಳು, ಹೋಗುವಾಗಲೂ ಅದನ್ನೇ...

ಕುನ್ನತ್ತೂರಿಗೆ ಬಸ್ಸಿದೆ. ಅರ್ಧ ದಿನದಲ್ಲಿ ಹೋಗಿ ಬರಬಹುದು. ತಿರುಪ್ಪೂರಿಗೆ ನೂಲಿನ ಕೆಲಸಕ್ಕೆ ಎಷ್ಟೋ ಸಲ ಹೋದೆ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದರೆ ಅವಳ ಊರು. ಒಮ್ಮೆ ಹತ್ತಿಯೂ ಕೂತೆ. ಹೊರಡುವ ಮುಂಚೆ ಇಳಿದುಬಿಟ್ಟೆ. ಅವಳಿಗೆ ನಾನು ಕೊಟ್ಟ ಸುಳ್ಳೇ ಒಂದು ಆಸರೆಯಾಗಿರಬಹುದು, ಸತ್ಯ ಹೇಳಿ ಅದನ್ನೂ ಕಿತ್ತುಕೊಳ್ಳುವುದು ಯಾವ ನ್ಯಾಯ ಎಂದು ವಾದಿಸಿಕೊಂಡೆ. ವಾದ ಚೆನ್ನಾಗಿಯೇ ಇತ್ತು. ಆದರೆ ನಾನು ಇಳಿದದ್ದು ಅವಳಿಗಾಗಿ ಅಲ್ಲ.

ಅವಳು ತೀರಿಕೊಂಡ ಸುದ್ದಿ ತಡವಾಗಿ ಬಂತು, ಮದುವೆ ಮನೆಯೊಂದರಲ್ಲಿ, ಬೇರೆ ಮಾತಿನ ನಡುವೆ. ಅವಳಿಗೆ ಒಪ್ಪಾರಿ ಹೇಳಿದರೋ ಇಲ್ಲವೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಇಷ್ಟು ವರ್ಷವೂ ನನಗೆ ಒಂದೇ ಒಂದು ಸಮಾಧಾನವಿತ್ತು. ತಪ್ಪು ನನ್ನ ಬೆರಳಿನದಲ್ಲ, ಅದರ ಮೇಲಿದ್ದ ಗಂಜಿಯದು. ಪೊರೆ ಕಟ್ಟಿದ ಬೆರಳಿಗೆ ಉಸಿರು ಹೇಗೆ ತಿಳಿಯಬೇಕು? ಯಾರಿದ್ದರೂ ಮೋಸ ಹೋಗುತ್ತಿದ್ದರು. ಅದೊಂದನ್ನು ಹಿಡಿದುಕೊಂಡೇ ಉಂಡೆ, ಮಲಗಿದೆ, ಮಕ್ಕಳನ್ನು ಬೆಳೆಸಿದೆ. ನಿಜವೇ ಎಂದು ಪರೀಕ್ಷೆ ಮಾಡಿ ನೋಡಲು ಒಂದು ಗಳಿಗೆ ಸಾಕಿತ್ತು. ಅದನ್ನು ಮಾತ್ರ ಎಂದೂ ಮಾಡಲಿಲ್ಲ.

ನಿನ್ನೆ ಸೊಸೆಗೆ, "ಒಂಚೂರು ಗಂಜಿ ಕಾಯಿಸು ಕಣ್ಣಮ್ಮಾ," ಅಂದೆ.

"ಜ್ವರ ಬಿಟ್ಟಿದೆಯಲ್ಲ ಮಾವ?"

"ಆಸೆಯಾಯ್ತು."

ಅವಳು ತಂದಿಟ್ಟು ಹೋದ ಮೇಲೆ ಬೆರಳು ಅದ್ದಿ ಫ್ಯಾನಿನ ಕೆಳಗೆ ಹಿಡಿದೆ. ಒಣಗಿತು. ಇನ್ನೊಮ್ಮೆ ಅದ್ದಿದೆ. ಆವತ್ತಿಗಿಂತ ದಪ್ಪಗೇ ಪೊರೆ ಕಟ್ಟಿತು. ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿದು ಕಾದೆ.

ಉಸಿರು ತಾಕಿತು. ಬೆಚ್ಚಗೆ, ಅನುಮಾನವೇ ಇಲ್ಲದಂತೆ. ಮುದುಕನ ಕ್ಷೀಣವಾದ ಉಸಿರು, ಗಂಜಿ ಪೊರೆಯ ಮೂಲಕವೂ ತಾಕಿತು. ಒಂದು ಉಸಿರು ಬಂದು ಹೋಗುವಷ್ಟು ಹೊತ್ತು ಆವತ್ತು ಭಾವನ ಮೂಗಿನ ಬಳಿ ಕೈ ಇಟ್ಟಿದ್ದರೆ ಸಾಕಿತ್ತು. ಇಟ್ಟಿದ್ದೆನೇ? ನೆನಪಿನಲ್ಲಿ ಕೈ ಚಾಚಿದ್ದು ಕಾಣುತ್ತದೆ. ಬಿಸಿಲು ಬಂತು ಎಂಬ ಕೂಗು ಕೇಳುತ್ತದೆ. ಕೈ ಹಿಂದಕ್ಕೆ ಬಂದದ್ದು ಕಾಣುತ್ತದೆ. ನಡುವೆ ಕಾದದ್ದು ಕಾಣುವುದಿಲ್ಲ. ಭಾವ ಆಗಲೇ ಹೋಗಿದ್ದನೋ, ಬಾಗಿಲ ಹಿಂದೆ ನಮ್ಮ ನಗು ಕೇಳುತ್ತಾ ಹೋದನೋ, ಯಾವ ಹೊಡೆತಕ್ಕೆ ಹೋದನೋ, ಇನ್ನು ಹೇಳುವವರಿಲ್ಲ. ನನಗೆ ತಿಳಿಯಲಾಗಲಿಲ್ಲ ಎಂದು ಇಷ್ಟು ಕಾಲ ಹೇಳಿಕೊಂಡೆ. ತಿಳಿಯುವುದು ನನಗೆ ಬೇಕಿರಲಿಲ್ಲ.

ಈಗ ಬೀದಿಯಲ್ಲಿ ಯಾರೂ ಪಾವು ಹಾಸುವುದಿಲ್ಲ, ಗಂಜಿ ಹಾಕಿದ ನೂಲೇ ಮಿಲ್ಲಿನಿಂದ ಬರುತ್ತದೆ. ಭಾವನ ಮನೆಯಿದ್ದ ಜಾಗದಲ್ಲಿ ಪವರ್‌ಲೂಮ್ ಓಡುತ್ತದೆ, ಯಾರ ಸಾವಿಗೂ ನಿಲ್ಲುವುದಿಲ್ಲ. ಉಳಿದಿರುವುದು ಒಂದು ಮಾತು. ಮೊನ್ನೆ ಸೊಸೆ ಸಾವಿನ ಮನೆಗೆ ಹೋಗಿ ಬಂದವಳು, "ಆ ಮನೆ ಸೊಸೆಯಾದವಳು ಕಲ್ಲಕ್ಕನ ಹಾಗೆ ಕೂತಿದ್ಲು ಮಾವ," ಅಂದಳು. ಕಲ್ಲಕ್ಕ ಯಾರೆಂದು ಅವಳಿಗೆ ಗೊತ್ತಿಲ್ಲ. ಹಿಂದೆ ಯಾರೋ ಗಂಡ ಸತ್ತರೂ ಅಳದ ಹೆಂಗಸು ಎಂದಷ್ಟೇ ಗೊತ್ತು. ಅದು ನಮ್ಮ ಬೀದಿಯ ಗಾದೆಯಾಗಿ ಹೋಗಿದೆ. ನಾನು ಸತ್ತ ಮೇಲೂ ಇರುತ್ತದೆ.

ಅವಳು ಕಲ್ಲಾಗಿರಲಿಲ್ಲ. ಅವಳಿಗೆ ಅಳು ಬಂದಿತ್ತು, ಉಸಿರು ಎಳೆದುಕೊಂಡಿದ್ದಳು, ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ನಾನು ಕ್ಷಮೆ ಕೇಳದೆ ಹೋದ ಆ ಹೆಂಗಸಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ನಂಜಮ್ಮ.